ಮನೆ ಅಳಿಯ, ಊರು ಐರ್ಲೆಂಡ್

ನಮ್ಮೂರಲ್ಲಿ ನನ್ನ ಗಂಡನನ್ನು ಯಾರೂ ವಿದೇಶಿ ಅನ್ನೋದಿಲ್ಲ. ಬಂದ ಹೊಸದರಲ್ಲಿ ಅಂದಿರಬಹುದು, ಮಕ್ಕಳು ಹಿಂದೆ ಹಿಂದೆ ಓಡಿದ್ದೂ ಹೌದು. ಆಮೇಲೆ ಅದೆಲ್ಲ ಬಿದ್ದುಹೋಯಿತು. ಈಗ ಎಲ್ಲರ ಬಾಯಲ್ಲೂ ಒಂದೇ: ಅಳಿಯ. ಕಿರಾಣಿ ಅಂಗಡಿಯವರಿಗೂ ಅಳಿಯ, ಗಿರಣಿಯವರಿಗೂ ಅಳಿಯ, ಬಸ್ಸಿನ ಕಂಡಕ್ಟರಿಗೂ ಅಳಿಯ. ಬಿಳಿ ಮೈ, ಕೆಂಪು ಗಡ್ಡ, ತಿಳಿಯದ ಇಂಗ್ಲಿಷು, ಎಲ್ಲ ಎರಡನೇ ಮಾತು. ಹೆಂಡತಿಯ ಊರಲ್ಲಿ, ಮಾವನ ಮನೆಯಲ್ಲಿ, ಮಾವನ ಹೊಲ ನೋಡಿಕೊಂಡು ಇರುವ ಗಂಡಸು. ಅಂಥವರಿಗೆ ನಮ್ಮ ಕಡೆ ಹೊಸದಾಗಿ ಜಾಗ ಹುಡುಕಬೇಕಾಗಿಲ್ಲ. ಮನೆ ಅಳಿಯನ ಜಾಗ ಖಾಲಿ ಇತ್ತು, ಇವರು ಬಂದು ಕೂತರು.

ಆ ಜಾಗ ಅಂಥ ಮರ್ಯಾದೆಯದ್ದೇನಲ್ಲ. ಹಬ್ಬಕ್ಕೆ ಬಂದು ಹೋಗುವ ಅಳಿಯನಿಗೆ ಹೋಳಿಗೆ, ತುಪ್ಪ, ಹೊಸ ಬಟ್ಟೆ. ಬಂದು ಉಳಿದ ಅಳಿಯನಿಗೆ ಗಾದೆಗಳು. ಒಂದೂ ಒಳ್ಳೇದಿಲ್ಲ.

ಹೊರದೇಶದವರನ್ನು ಮದುವೆಯಾಗಿ ಹಳ್ಳಿಯಲ್ಲಿ ಹೇಗಿರ್ತೀರಿ ಅಂತ ಕೇಳೋರು ಜಾಸ್ತಿ. ಅವರ ಮನಸ್ಸಲ್ಲಿರೋದು ಖಾರ, ಬಿಸಿಲು, ಭಾಷೆ. ಅವೆಲ್ಲ ಇವೆ, ಇಲ್ಲ ಅನ್ನೋದಿಲ್ಲ. ಕಲಬುರಗಿಯ ಮೇ ತಿಂಗಳು ನಮಗೇ ತಡೆಯೋದಿಲ್ಲ, ಇವರಿಗೆ ತಡೆಯುತ್ತಾ? ಆದರೆ ಖಾರ ಅಭ್ಯಾಸವಾಗುತ್ತೆ. ಬಿಸಿಲಿಗೆ ಮಧ್ಯಾಹ್ನ ಮಲಗಿದರಾಯಿತು. ನಾನು ಬರೆಯಬೇಕು ಅಂದುಕೊಂಡಿರೋದು ಬೇರೆ. ಇವರನ್ನು ಊರಿಗೆ ಸೇರಿಸಿಕೊಂಡದ್ದು ನಾನಲ್ಲ. ಊರಿನ ಗಂಡಸರೂ ಅಲ್ಲ. ನಮ್ಮ ಓಣಿಯ ಮುದುಕಿಯರು.

ನಾವು ಬಂದದ್ದು ಅಪ್ಪನಿಗೆ ಲಕ್ವಾ ಹೊಡೆದ ಮೇಲೆ. ನಾನು ಐರ್ಲೆಂಡಿನ ಪಶ್ಚಿಮದಲ್ಲಿ, ಮೇಯೋ ಕೌಂಟಿಯಲ್ಲಿ ನರ್ಸ್ ಆಗಿದ್ದೆ. ಇವರ ಊರು ಅಲ್ಲೇ ಹತ್ತಿರ. ಹುಲ್ಲುಗಾವಲು, ದನ, ಕುರಿ, ಮಳೆ. ನಾನು ಒಬ್ಬಳೇ ಮಗಳು, ಅವ್ವ ಹೋಗಿ ಬಹಳ ಕಾಲವಾಗಿತ್ತು. ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ನದಿಯಿಂದ ಸ್ವಲ್ಪ ದೂರಕ್ಕೆ ನಮ್ಮ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಅಪ್ಪನನ್ನು ಕಲಬುರಗಿಯಲ್ಲಿ ಮನೆ ಮಾಡಿ ಇಡೋಣ ಅಂದರೆ ಒಪ್ಪಲಿಲ್ಲ. "ನಾ ಹೊಲ ಬಿಟ್ಟು ಎಲ್ಲಿಗೂ ಬರಂಗಿಲ್ಲ" ಅಂದರು, ಬಾಯಿ ಸೊಟ್ಟಗಿದ್ದರೂ ಈ ಮಾತು ಮಾತ್ರ ಸ್ಪಷ್ಟ. ಹಾಗಾದರೆ ನಾವೇ ಹೋಗೋಣ ಅಂತ ಮೊದಲು ಹೇಳಿದ್ದು ಇವರು.

ಇವರಿಗೆ ಇದು ತೀರಾ ಹೊಸದೂ ಅಲ್ಲ. ಇವರ ಚಿಕ್ಕಪ್ಪ ಒಬ್ಬರು ಹೆಂಡತಿಯ ಹೊಲಕ್ಕೆ ಹೋಗಿ ಸೇರಿದವರು. ಐರ್ಲೆಂಡಿನ ಹಳ್ಳಿಗಳಲ್ಲೂ ಹೊಲ ಅಂದರೆ ಗಂಡುಮಗನಿಗೆ ಅನ್ನೋದೇ ರೂಢಿ. ಗಂಡುಮಗ ಇಲ್ಲದ ಮನೆಗೆ ಅಳಿಯ ಬಂದು ಸೇರೋದು. ಆ ಚಿಕ್ಕಪ್ಪ ಜೀವಮಾನವೆಲ್ಲ ದುಡಿದರೂ ಊರವರು ಆ ಹೊಲವನ್ನು ಹೆಂಡತಿಯ ಮನೆತನದ ಹೆಸರಲ್ಲೇ ಕರೆಯುತ್ತಿದ್ದರಂತೆ. ಪಬ್ಬಿನಲ್ಲಿ ಅವರ ಮೇಲೆ ಏನೇನು ಜೋಕು ಹಾರುತ್ತಿದ್ದವು ಅಂತ ಇವರು ಹೇಳಿದಾಗ ನನಗೆ ನಗು. ನಮ್ಮ ಹನುಮಂದೇವರ ಗುಡಿ ಕಟ್ಟೆಯ ಮೇಲೆ ಹಾರುವ ಜೋಕುಗಳೇ ಅವು.

ಮನೆಗೆ ಬಂದ ದಿನ ಬಾಗಿಲಲ್ಲಿ ಆರತಿ ಮಾಡಿದ್ದು ಪಕ್ಕದ ಮನೆ ಆಯಿ. ಆರತಿ ಮುಗಿಸಿ ಒಳಗೆ ಹೋಗಿ, ಜೋಳ ತುಂಬಿದ ಸೇರು ತಂದು ಹೊಸ್ತಿಲ ಮೇಲಿಟ್ಟಳು. ನನ್ನ ಮುಂದೆ ಅಲ್ಲ, ಇವರ ಮುಂದೆ. ಸೇರು ಒದ್ದು ಒಳಗೆ ಬರೋದು ಸೊಸೆ ಅಲ್ವಾ? ಕಾಕಿ ಗಾಬರಿಯಾಗಿ, "ಏ ಆಯಿ, ಇಂವ ಅಳಿಯ ಆಗಬೇಕ" ಅಂದಳು. ಆಯಿ ತಿರುಗಿಯೂ ನೋಡಲಿಲ್ಲ. "ಬಂದಿರೋದು ಇರ್ಲಿಕ್ಕ ಅಲಾ? ಇರ್ಲಿಕ್ಕ ಬಂದವ್ರು ಸೇರು ಒದ್ದೇ ಬರಬೇಕು. ಒದಿಯೋ ಯಪ್ಪಾ." ನಾನು ಇಂಗ್ಲಿಷಿನಲ್ಲಿ, ಕಾಲಿಂದ ತಳ್ಳು ಅಂದೆ. ಮೇಯೋದವರಿಗೆ ಫುಟ್‌ಬಾಲ್ ಹುಚ್ಚು. ಇವರು ಒದ್ದ ಒದೆತಕ್ಕೆ ಸೇರು ಪಡಸಾಲೆ ದಾಟಿ ಅಪ್ಪನ ಹೊರಸಿನ ಕೆಳಗೆ ಹೋಗಿ ಬಿತ್ತು. ಜೋಳ ಎಲ್ಲಾ ಕಡೆ. ಲಕ್ವಾ ಆದ ಮೇಲೆ ಅಪ್ಪ ಮೊದಲ ಸಲ ಜೋರಾಗಿ ನಕ್ಕದ್ದು ಆವತ್ತೇ. ಆಮೇಲೆ ವಾರಗಟ್ಟಲೆ ಕಸ ಗುಡಿಸಿದಾಗಲೆಲ್ಲ ಮೂಲೆಯಿಂದ ನಾಲ್ಕು ಜೋಳದ ಕಾಳು ಬರುತ್ತಿದ್ದವು.

ಆಯಿ ಸುಮ್ನೆ ತಮಾಷೆಗೆ ಮಾಡಿದಳು ಅಂದುಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾಗೋಕೆ ಕಾಗದಪತ್ರದ ಕಥೆ ಮುಗಿಯಬೇಕಾಯಿತು.

ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ದೇಶ ಬೇರೆ, ಧರ್ಮ ಬೇರೆ, ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು. ಆಮೇಲೆ ನೋಟಿಸು ಕೊಟ್ಟು ಮತ್ತೆ 30 ದಿನ ಕಾಯಬೇಕು. ಮೂವರು ಸಾಕ್ಷಿಗಳು. ಇವರಿಗೆ ಮೊದಲು ಮದುವೆಯಾಗಿಲ್ಲ ಅಂತ ಅಲ್ಲಿಂದ ಪತ್ರ, ಅದು ಇಲ್ಲಿ ನಡೆಯಬೇಕಾದರೆ ಮೇಲೆ ಅಪೊಸ್ಟಿಲ್ ಅನ್ನೋ ಮುದ್ರೆ. ಮದುವೆ ಆಗುವವರೆಗೆ ಇವರು ಕಲಬುರಗಿಯ ಲಾಡ್ಜಿನಲ್ಲಿ. ಪ್ರವಾಸಿ ವೀಸಾದಲ್ಲಿ ಬಂದವರು ಮದುವೆಯ ನಂತರ ಎಂಟ್ರಿ ವೀಸಾಕ್ಕೆ ಬದಲಾಗಬೇಕು. ಆ ವೀಸಾದಲ್ಲಿ ಇರಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ಅರ್ಜಿಯೆಲ್ಲ ಆನ್‌ಲೈನ್. ನಮ್ಮೂರಲ್ಲಿ ನೆಟ್‌ವರ್ಕ್ ಸಿಗೋದು ನೀರಿನ ಟ್ಯಾಂಕಿನ ಹತ್ತಿರ, ಹಾಗಾಗಿ ಭಾರತ ಸರ್ಕಾರದ ಜೊತೆಗಿನ ನಮ್ಮ ವ್ಯವಹಾರವೆಲ್ಲ ಟ್ಯಾಂಕಿನ ಬುಡದಲ್ಲಿ ನಡೆಯಿತು. ಪೊಲೀಸರು ವಿಚಾರಣೆಗೆ ಮನೆಗೆ ಬಂದರು, ಚಾ ಕುಡಿದರು, ಐರ್ಲೆಂಡಿನಲ್ಲಿ ಎಮ್ಮೆ ಇದೆಯಾ ಅಂತ ಕೇಳಿ ಹೋದರು.

ಮದುವೆ ನೋಂದಣಿಯಾಗಿ 2 ವರ್ಷ ತುಂಬಿದ ಮೇಲೆ ಒಸಿಐ (ಓವರ್ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೆ ಅರ್ಜಿ ಹಾಕಬಹುದು. ಭಾರತದಲ್ಲಿ ಎರಡು ದೇಶದ ಪೌರತ್ವ ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ಇಂಥವರಿಗೆ ಇರೋದು ಈ ಕಾರ್ಡು. ಬಂದ ಮೇಲೆ ವೀಸಾದ ತಲೆನೋವಿಲ್ಲ, ಪೊಲೀಸ್ ನೋಂದಣಿ ಇಲ್ಲ, ಕೆಲಸ ಮಾಡಬಹುದು. ಆದರೆ ವೋಟಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ನಮ್ಮ ಮನೆಗೆ ಬಂದವರೊಬ್ಬರು ಇವರ ಕೈ ಹಿಡಿದು ಕುಲುಕಿ, ಆಮೇಲೆ ಯಾರೋ ಕಿವಿಯಲ್ಲಿ ಹೇಳಿದ ಮೇಲೆ ಮೆಲ್ಲಗೆ ಕೈ ಬಿಟ್ಟರು.

ಇನ್ನೊಂದು, ಕೃಷಿ ಜಮೀನು ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆ ತಿದ್ದಿದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಬೆಂಗಳೂರಿನವರು ಕಾರಿನಲ್ಲಿ ಬಂದು ನಮ್ಮ ಪಕ್ಕದ ಹೊಲ ಕೊಂಡು ಬೇಲಿ ಹಾಕಬಹುದು. ದಿನಾ ಬೆಳಗ್ಗೆ ಅದೇ ಹೊಲದ ಬದುವಿನ ಮೇಲೆ ಹೋಗುವ ನನ್ನ ಗಂಡ ಒಂದು ಗುಂಟೆ ಕೊಳ್ಳುವಂತಿಲ್ಲ. ನಾನು ಮಾತ್ರ, ದುಡ್ಡಿದ್ದರೆ, ಐರ್ಲೆಂಡಿನಲ್ಲಿ ಹೊಲ ಕೊಳ್ಳಬಹುದು. ಮತ್ತೆ ಆ ಕಾರ್ಡು ನಮ್ಮ ಮದುವೆಯ ಮೇಲೆ ನಿಂತದ್ದು. ಮದುವೆ ಮುರಿದರೆ ಕಾರ್ಡೂ ಹೋಯಿತು. ಸರ್ಕಾರದ ಲೆಕ್ಕದಲ್ಲೂ ಇವರು ಮನೆ ಅಳಿಯನೇ.

ಒಂದು ಮುಂಗಾರಿಗೆ ಇವರು ಬೀಜ ತರಲು ರೈತ ಸಂಪರ್ಕ ಕೇಂದ್ರಕ್ಕೆ ಹೋದರು. ಪಹಣಿ ಯಾರ ಹೆಸರಲ್ಲಿದೆ, ರೈತರ ನೋಂದಣಿಯ ಫ್ರೂಟ್ಸ್ ಐಡಿ ಯಾರದು, ಆಧಾರ್ ಎಲ್ಲಿ. ಎಲ್ಲ ಅಪ್ಪನದು, ಅಪ್ಪ ಮನೆಯಲ್ಲಿ ಹೊರಸಿನ ಮೇಲೆ. ಖಾಲಿ ಚೀಲ ಹಿಡಿದು ವಾಪಸ್ ಬಂದರು. ಮನೆ ಮುಂದಿನ ಕಟ್ಟೆಯ ಮೇಲೆ ಆಯಿ, ಕಾಕಿ, ಇನ್ನಿಬ್ಬರು ತೊಗರಿ ಬೇಳೆ ಆರಿಸುತ್ತಾ ಕೂತಿದ್ದರು. ಯಾಕೋ ಮಾರಿ ಸಣ್ಣದು ಮಾಡಿ ಅಂತ ಕೇಳಿದರು. ನಾನು ಹೇಳಿದೆ. ಇಷ್ಟು ದುಡಿದರೂ ಹೆಸರಿನ ಒಂದು ಸಾಲಿಲ್ಲ ಅಂತ ನನಗೇ ಸಿಟ್ಟು ಬಂದಿತ್ತು.

ಆಯಿ ಮೊರದಿಂದ ಕಲ್ಲು ಆರಿಸಿ ಪಕ್ಕಕ್ಕೆ ಎಸೆದಳು. "ನಾ ಈ ಊರಿಗಿ ಬಂದಾಗ ಇಂವನಕಿಂತ ಸಣ್ಣಾಕಿ ಇದ್ದೆ. ಕಸ ತಗದೀನಿ, ರಾಶಿ ಮಾಡೀನಿ, ಆರು ಮಂದಿನ ಹಡದೀನಿ. ಯಾವ ಪಹಣಿದಾಗ ನನ್ನ ಹೆಸರದ?" ಕಾಕಿ, "ನಂದೆಲ್ಲದ?" ಅಂದಳು. ಇನ್ನೊಬ್ಬಾಕೆ ನಕ್ಕು, "ನಂದು ರೇಷನ್ ಕಾರ್ಡಿನಾಗ ಅದ ನೋಡು" ಅಂದಳು. ಎಲ್ಲರೂ ನಕ್ಕರು. ಇವರಿಗೆ ಪೂರ್ತಿ ತಿಳಿಯಲಿಲ್ಲ, ಆದರೂ ನಕ್ಕರು. ಆಯಿ ಮೊರ ಇವರ ಕಡೆ ಸರಿಸಿದಳು. ಕೂತು ಬೇಳೆ ಆರಿಸಿದರು.

ಈ ಆಯಿ ತಾಂಡೂರು ಕಡೆಯವಳು, ಮನೆಮಾತು ತೆಲುಗು. ಬಂದಾಗ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲವಂತೆ. ಕಾಕಿ ಅಕ್ಕಲಕೋಟೆ ಕಡೆಯವಳು, ಸಿಟ್ಟು ಬಂದರೆ ಈಗಲೂ ಮರಾಠಿ. ನಮ್ಮ ಕಡೆ ಇದು ದೊಡ್ಡ ಸಂಗತಿಯೇ ಅಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಈ ಊರು ನಿಜಾಮರ ಹೈದರಾಬಾದ್ ಸಂಸ್ಥಾನದ್ದು, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯದ್ದು. ಗಡಿ ಅತ್ತಿತ್ತ ಸರಿದರೂ ಹೆಣ್ಣು ಕೊಟ್ಟು ತರೋದು ನಿಂತಿಲ್ಲ. ಬೇರೆ ಊರು, ಬೇರೆ ಭಾಷೆ, ಗುರುತಿರುವವನು ಗಂಡ ಒಬ್ಬನೇ, ಅವನೂ ಹಗಲೆಲ್ಲ ಹೊಲದಲ್ಲಿ. ನಮ್ಮ ಓಣಿಯ ಪ್ರತಿ ಮನೆಯಲ್ಲೂ ಒಬ್ಬಳು ಹೀಗೆ ಬಂದು ಊರು ಕಲಿತವಳು ಇದ್ದಾಳೆ. ಅವರಿಗೆ ಇವರ ಪಾಡು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೇಳಬೇಕಾಗಿದ್ದದ್ದು ಗಂಡಸರಿಗೆ. ಅವರು ಹುಟ್ಟಿದ ಊರಲ್ಲೇ ಹುಟ್ಟಿದ ಮನೆಯಲ್ಲೇ ಇರುವವರು. ಇನ್ನೊಬ್ಬರ ಊರಲ್ಲಿ ಬಾಳುವೆ ಮಾಡೋದು ಏನು ಅಂತ ಅವರಿಗೆ ಗೊತ್ತೇ ಇಲ್ಲ.

ಹೀಗೆ ಇವರ ಕನ್ನಡ ಮುದುಕಿಯರ ಕನ್ನಡ. ಚಹಾ ಚೆಲ್ಲಿದರೆ "ಅಯ್ಯ ಯವ್ವಾ", ಯಾರಾದರೂ ತಡವಾಗಿ ಬಂದರೆ "ಎಲ್ಲಿ ಹಾಳಾಗಿ ಹೋಗಿದ್ಯೋ". ಕಟ್ಟೆಯ ಮೇಲಿನ ಗಂಡಸರಿಗೆ ಇದು ದಿನಾ ಸಿನಿಮಾ. ಕೆಂಪು ಗಡ್ಡದ ಆರಡಿ ಆಳು ಗಲ್ಲದ ಮೇಲೆ ಕೈ ಇಟ್ಟುಕೊಂಡು "ಹೌದೇನವ್ವಾ" ಅಂದರೆ ಯಾರಿಗೆ ನಗು ಬರೋದಿಲ್ಲ? ನಾನು ಸ್ವಲ್ಪ ತಿದ್ದೋಕೆ ಹೋದೆ. ಆಯಿ ನನಗೇ ಬೈದಳು.

ರೊಟ್ಟಿ ತಟ್ಟೋದು ಕಾಕಿ ಕಲಿಸಿದಳು. ಜೋಳದ ಹಿಟ್ಟಿಗೆ ಎಸರು ಎಷ್ಟು ಬಿಸಿ ಇರಬೇಕು ಅನ್ನೋದೇ ಅದರ ಜೀವ. ಎಸರು ಆರಿದ್ದರೆ ಹಿಟ್ಟಿಗೆ ಜಿಗಿ ಬರೋದಿಲ್ಲ, ತಟ್ಟುವಾಗ ಅಂಚು ಬಿರಿಯುತ್ತೆ. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿಲ್ಲ, ಕುದಿನೀರಿಗೆ ಹಿಟ್ಟು ಸ್ವಲ್ಪ ಬೆಂದಾಗಲೇ ಅದು ಹಿಡಿಯೋದು. ಇವರು ಬ್ರೆಡ್ ಮಾಡಿ ಅಭ್ಯಾಸ ಇದ್ದವರು, ಎಷ್ಟು ನಾದಿದರೂ ಆಗುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದರು. ಕಾಕಿ ಇವರ ಮಣಿಕಟ್ಟು ಹಿಡಿದು ಕುದಿಯುವ ಎಸರಿನ ಹತ್ತಿರ ತಂದು, ಇಷ್ಟು ಬಿಸಿ ಅಂತ ತೋರಿಸಿದಳು. ಈಗ ಇವರ ರೊಟ್ಟಿ ಸುಮಾರಾಗಿ ದುಂಡಗೆ ಬರುತ್ತೆ. ನನ್ನದಕ್ಕಿಂತ ತೆಳ್ಳಗೆ ಅಂತ ಕಾಕಿ ಅಂತಾಳೆ, ಅದು ಸುಳ್ಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದರೆ ಇವರಿಗೆ ಬೇರೇನೂ ಬೇಡ. ಚಾ ವಿಷಯದಲ್ಲಿ ಜಗಳವೇ ಇಲ್ಲ. ಐರ್ಲೆಂಡಿನವರೂ ಕಡಕ್ ಚಹಾಕ್ಕೆ ಹಾಲು ಹಾಕಿ ಹಗಲೂ ರಾತ್ರಿ ಕುಡಿಯುವ ಜನ.

ಜಾತಿಯ ವಿಷಯ ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತೆ. ಯಾವ ಮಂದಿ ಅಂತ ಕೇಳಿದರು, ಕ್ಯಾಥೊಲಿಕ್ ಅಂದರು, ಅದು ಯಾವ ಕಪಾಟಿಗೂ ಸೇರಲಿಲ್ಲ. ಇವರು ಎಲ್ಲರ ಮನೆಗೂ ಹೋದರು. ಊರಾಚೆಯ ಕೇರಿಯಲ್ಲಿ ಕೂತು ಉಂಡು ಬಂದರು. ಮೇಲಿನವರು ಮುಖ ಗಂಟು ಹಾಕಿದರು, ಆಮೇಲೆ ಇಂವನಿಗೇನು ಗೊತ್ತು ಅಂತ ಬಿಟ್ಟರು. ಅದೇ ಮನೆಯಲ್ಲಿ ನಾನು ಉಂಡಾಗ ಹಾಗೆ ಬಿಡಲಿಲ್ಲ. ಇವಳಿಗೆ ಗೊತ್ತಿದ್ದೂ ಮಾಡ್ತಾಳ ಅಂದರು. ಹೌದು, ಗೊತ್ತಿದ್ದೇ ಮಾಡಿದೆ. ಹೊರಗಿನವರಿಗೆ ಸಿಗುವ ಮಾಫಿ ಒಳಗಿನವರಿಗಿಲ್ಲ. ಇವರನ್ನು ನೋಡಿ ನಮ್ಮೂರು ಎಷ್ಟು ಮುಕ್ತ ಅಂತ ಹೇಳುವವರ ಮಾತಿಗೆ ನಾನು ತಲೆ ಆಡಿಸೋದಿಲ್ಲ.

ಗಂಡಸರು ಹತ್ತಿರ ಬಂದದ್ದು ಒಂದು ಗೋಡೆಯಿಂದ. ಮೇಯೋ ಕಡೆ ಹೊಲಗಳ ನಡುವೆ ಕಲ್ಲಿನ ಗೋಡೆಗಳು. ಸುಣ್ಣ, ಸಿಮೆಂಟು ಏನೂ ಇಲ್ಲ, ಕಲ್ಲಿನ ಮೇಲೆ ಕಲ್ಲು ಜೋಡಿಸಿ ನಿಲ್ಲಿಸೋದು. ಇವರಿಗೆ ಚಿಕ್ಕಂದಿನಿಂದ ಬರುತ್ತೆ. ನಮ್ಮ ಹೊಲದ ಅಂಚಲ್ಲಿ ಬಿದ್ದ ಗೋಡೆ ಕಂಡು ಇವರ ಕೈ ತುರಿಸಿತು. ನಮ್ಮ ಕಡೆ ಕಲ್ಲಿಗೆ ಬರವೇ? ಶಹಾಬಾದ್ ಕಲ್ಲು ಎಲ್ಲಿ ಕೆದರಿದರೂ ಹಾಳೆ ಹಾಳೆಯಾಗಿ ಏಳುತ್ತೆ. ಇವರು ಆರಿಸಿ, ತೂಗಿ ನೋಡಿ, ಜೋಡಿಸುತ್ತಾ ಹೋದರು. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ, ಮಳಖೇಡದಲ್ಲಿ ಕಾರ್ಖಾನೆ, ಸೇಡಂನಲ್ಲಿ ಕಾರ್ಖಾನೆ. ಅರ್ಧ ಊರಿನ ಹುಡುಗರು ಅಲ್ಲೇ ಕೆಲಸಕ್ಕೆ ಹೋಗ್ತಾರೆ. ಇಂಥಲ್ಲಿ ಸಿಮೆಂಟಿಲ್ಲದ ಗೋಡೆ! ಬೈಕು ನಿಲ್ಲಿಸಿ ನೋಡಿ ಹೋಗುವವರೇ ಹೋಗುವವರು.

ಮೊದಲ ದೊಡ್ಡ ಮಳೆಗೆ ಗೋಡೆ ಉಬ್ಬಿ ನಿಂತಿತು. ಎರಡನೇ ಮಳೆಗೆ ಮಲಗಿತು. ಎರಿ ಮಣ್ಣು ನೀರು ಕುಡಿದರೆ ಹಿಗ್ಗುತ್ತೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತೆ, ಕೈ ಹೋಗುವಷ್ಟು ಬಿರುಕು. ಅದರ ಮೇಲೆ ಏನಿಟ್ಟರೂ ವರ್ಷಕ್ಕೊಮ್ಮೆ ಅಲುಗಾಡಿಸುತ್ತೆ. ಕಾಕಾ ಬಂದು ಬಿದ್ದ ಗೋಡೆ ನೋಡಿ ಖುಷಿಯಾದರು. ಖುಷಿಯೇ ಅದು, ಬೇರೆ ಹೆಸರಿಲ್ಲ. "ಅಳಿಯಾ, ಗರ್ಸು ಸಿಗೋತನ ತೋಡಬೇಕು" ಅಂತ ತಾವೇ ಗುದ್ದಲಿ ತಂದರು. ಎರಿ ಎಲ್ಲ ತೆಗೆದು, ಕೆಳಗಿನ ಗಟ್ಟಿ ನೆಲದಿಂದ ಕಲ್ಲು ಕೂಡಿಸಿದರು. ದಿನಾ ಒಬ್ಬಿಬ್ಬರು ಗಂಡಸರು ಬಂದು ಸಲಹೆ ಕೊಟ್ಟರು, ಸಲಹೆ ಕೊಟ್ಟವರು ಕಲ್ಲೂ ಎತ್ತಿಕೊಟ್ಟರು. ಅಷ್ಟು ದಿನ ಇವರ ಜೊತೆ ಏನು ಮಾತಾಡಬೇಕು ಅಂತ ಅವರಿಗೆ ತಿಳಿದಿರಲಿಲ್ಲ. ಕಲಿಸೋದು ಒಂದು ಸಿಕ್ಕ ಮೇಲೆ ಮಾತು ಶುರುವಾಯಿತು. ಗೋಡೆ ಈಗಲೂ ನಿಂತಿದೆ, ಒಂದು ಕಡೆ ಸ್ವಲ್ಪ ಹೊಟ್ಟೆ ಬಿಟ್ಟಿದೆ.

ಮಳೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಐರ್ಲೆಂಡಿನ ಪಶ್ಚಿಮದಲ್ಲಿ ವರ್ಷಕ್ಕೆ 1000ದಿಂದ 1400 ಮಿಲಿಮೀಟರ್ ಮಳೆ, ವರ್ಷವಿಡೀ ಸೋನೆ. ಅಲ್ಲಿ ಮಳೆ ಬಂದರೆ ಬೈಗಳು. ಇಲ್ಲಿ ಮಿರಗ ಬಂತಾ, ಆರಿದ್ರಾ ಬಂತಾ, ಮಘಿ ಕೈ ಕೊಟ್ಟಿತಾ ಅಂತ ಒಂದೊಂದು ಮಳೆಗೂ ಒಂದೊಂದು ಹೆಸರು, ಒಂದೊಂದಕ್ಕೂ ಹರಕೆ. ಹುಲ್ಲು ಬೆಳೆದ ಇವರಿಗೆ ತೊಗರಿ ಅರ್ಥವಾಗೋಕೆ ಸಮಯ ಹಿಡಿಯಿತು. ಜೂನಿನಲ್ಲೋ ಜುಲೈಯಲ್ಲೋ ಬಿತ್ತಿ ಡಿಸೆಂಬರ್ ಜನವರಿವರೆಗೆ ಕಾಯುವ ಬೆಳೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2022ರಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಕಾಯಿ ಹಿಡಿಯುವ ಹೊತ್ತಿಗೆ ನಿಂತ ಗಿಡ ನಿಂತಲ್ಲೇ ಒಣಗಿತು. ಆ ರೋಗದ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಅದೇ ಹೊಲಕ್ಕೆ ಬಿಡದೆ ತೊಗರಿ ಹಾಕೋದು ಬಿಟ್ಟು ನಡುವೆ ಜೋಳ ಬಿತ್ತಿದರೆ ಕಡಿಮೆಯಾಗುತ್ತೆ. ಜೋಳಕ್ಕೆ ರೇಟೆಲ್ಲಿದೆ ಅಂತ ಕಾಕಾ. ಈ ವಾದ ಇನ್ನೂ ಮುಗಿದಿಲ್ಲ.

ಇವರ ತಾಯಿ ತೀರಿಕೊಂಡಾಗ ನಾವಿಲ್ಲೇ ಇದ್ದೆವು. ಚಳಿಗಾಲ. ಅಲ್ಲಿ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮಣ್ಣು ಮುಗಿಯುತ್ತೆ. ಇಲ್ಲಿಂದ ಹೈದರಾಬಾದ್, ಅಲ್ಲಿಂದ ಯಾವುದೋ ಕೊಲ್ಲಿ ದೇಶ, ಅಲ್ಲಿಂದ ಡಬ್ಲಿನ್, ಆಮೇಲೆ ಬಸ್ಸು. ಓಡಿದರೆ ಆಗುತ್ತಿತ್ತೇನೋ. ಆದರೆ ಇವರ ವೀಸಾ ಅವಧಿ ಮುಗಿದಿತ್ತು, ವಿಸ್ತರಣೆ ಇನ್ನೂ ಬಂದಿರಲಿಲ್ಲ. ದೇಶ ಬಿಡೋಕೆ ಎಕ್ಸಿಟ್ ಪರ್ಮಿಟ್ ಬೇಕಿತ್ತು. ಆಗಲಿಲ್ಲ. ಅಲ್ಲಿಯ ಬಹಳಷ್ಟು ಚರ್ಚುಗಳಲ್ಲಿ ಕ್ಯಾಮೆರಾ ಇದೆ, ಪ್ರಾರ್ಥನೆ ಫೋನಿನಲ್ಲೇ ನೋಡಬಹುದು. ಅಲ್ಲಿಯ ಬೆಳಿಗ್ಗೆ ಇಲ್ಲಿಯ ಸಂಜೆ. ನೀರಿನ ಟ್ಯಾಂಕಿನ ಬುಡದಲ್ಲಿ ಕುರ್ಚಿ ಹಾಕಿಕೊಂಡು ಇಬ್ಬರೂ ಕೂತೆವು.

ನಾನು ಯಾರಿಗೂ ಹೇಳಿರಲಿಲ್ಲ, ಆದರೂ ಊರಿಗೆ ಗೊತ್ತಾಗಿತ್ತು. ಮೊದಲು ಆಯಿ ಬಂದಳು. ಫೋನಿನಲ್ಲಿ ಪೆಟ್ಟಿಗೆ ಕಾಣುತ್ತಿತ್ತು. ಆಯಿ ಬಗ್ಗಿ ನೋಡಿ, "ನಿಮ್ಮವ್ವ ಏನೋ ಯಪ್ಪಾ" ಅಂತ ಕೇಳಿ, ನೆಲಕ್ಕೆ ಕೂತು ಹಾಡ್ಯಾಡಿ ಅಳೋಕೆ ಶುರು ಮಾಡಿದಳು. ಕಾಣದ ಹೆಂಗಸಿಗೆ. ಮಗನ್ನ ಸಮುದ್ರ ದಾಟಿಸಿ ಕಳಿಸಿದ ತಾಯಿ, ನಿನ್ನ ಮಗ ಇಲ್ಲಿ ರೊಟ್ಟಿ ಉಣ್ಣಲಿಕ್ಕತ್ತಾನ, ನೀ ಹ್ಯಾಂಗ ಹೋದಿ ಅಂತ. ಕಾಕಿ ಸೇರಿಕೊಂಡಳು, ಇನ್ನೂ ನಾಲ್ಕು ಮಂದಿ ಬಂದರು. ಗಂಡಸರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ದೂರ ನಿಂತರು. ಐರ್ಲೆಂಡಿನ ಪಶ್ಚಿಮದಲ್ಲೂ ಹಿಂದೆ ಹೀಗೆ ಹಾಡ್ಯಾಡಿ ಅಳುವ ಹೆಂಗಸರು ಇದ್ದರಂತೆ. ಇವರು ಹುಟ್ಟುವ ಹೊತ್ತಿಗೆ ಅದು ನಿಂತುಹೋಗಿತ್ತು. ಅಜ್ಜಿ ಹೇಳಿದ್ದು ಕೇಳಿ ಮಾತ್ರ ಗೊತ್ತು ಅಂತ ಆಮೇಲೆ ಹೇಳಿದರು.

ಮನೆಗೆ ಬಂದು ನಾನು ಚಹಾಕ್ಕೆ ಒಲೆ ಹಚ್ಚೋಕೆ ಹೋದೆ. ಕಾಕಿ ಕೈ ಹಿಡಿದಳು. "ಇಂವನ ತಾಯಿ ಸತ್ತಾಳ, ನೀ ಒಲಿ ಹ್ಯಾಂಗ ಹಚ್ಚತಿ?" ರೊಟ್ಟಿ, ಬ್ಯಾಳಿ, ಚಾ, ಎಲ್ಲ ಬೇರೆ ಬೇರೆ ಮನೆಗಳಿಂದ ಬಂತು. ಅವರೂರಲ್ಲೂ ಸಾವಿನ ಮನೆಗೆ ನೆರೆಯವರು ಸ್ಯಾಂಡ್‌ವಿಚ್ಚು, ಕೇಕು ತರುತ್ತಾರೆ, ನಾನೇ ನೋಡಿದ್ದೇನೆ. ಇವರು ಉಂಡರು. ಆಯಿ ಪಕ್ಕದಲ್ಲಿ ಕೂತು ತನ್ನ ತಾಯಿಯ ವಿಷಯ ಹೇಳಿದಳು. ಸುದ್ದಿ ಬಂದಾಗ ಹಳ್ಳಕ್ಕೆ ನೀರು ಬಂದಿತ್ತು, ಬಸ್ಸಿರಲಿಲ್ಲ, ನಡೆದು ಹೊರಟಳು. "ನಾ ಮುಟ್ಟೋದ್ರಾಗ ಮಣ್ಣು ಆಗಿತ್ತು." ತಾಂಡೂರು ಎಷ್ಟು ದೂರ? ಒಂದು ದಿನದ ದಾರಿಯೂ ಅಲ್ಲ. ಕಾಕಿಗೂ ಹಾಗೇ ಆಗಿತ್ತಂತೆ. ನನ್ನ ಕಾಕಿ, ನಾನು ಹುಟ್ಟಿದಾಗಿನಿಂದ ಜೊತೆಗಿದ್ದಾಕೆ. ಅವಳು ತನ್ನ ಅವ್ವನ ಮುಖ ಕೊನೆಗೆ ನೋಡಲಿಲ್ಲ ಅನ್ನೋದು ನನಗೆ ಗೊತ್ತಾದದ್ದು ಆವತ್ತು. ಇವರಿಗೆ ಹೇಳಿದಳು, ನನಗೆ ಯಾವತ್ತೂ ಹೇಳಿರಲಿಲ್ಲ.

ಇಷ್ಟೆಲ್ಲ ಓದಿ, ಪಾಪ ಎಷ್ಟು ಒಳ್ಳೆ ಊರು ಅಂದುಕೊಳ್ಳಬೇಡಿ. ಊರಿಗೆ ಕಷ್ಟವಾಗಿರೋದು ನಾನು.

ಬಾವಿಯ ಹತ್ತಿರ, ಮದುವೆ ಮನೆಯಲ್ಲಿ, ಶರಣಬಸವೇಶ್ವರರ ಜಾತ್ರೆಗೆ ಹೋದಾಗ ಬಸ್ಸಿನಲ್ಲಿ, ಎಲ್ಲ ಕಡೆ ನನಗೊಂದು ಪ್ರಶ್ನೆ: "ಯಾವಾಗ ಹೋಗ್ತಿ?" ಇವರನ್ನು ಯಾರೂ ಕೇಳೋದಿಲ್ಲ. ಮಗಳು ತವರಿಗೆ ಬರೋದು ಪಂಚಮಿಗೆ, ಬಾಣಂತನಕ್ಕೆ, ಬಂದರೆ ಹೋಗೋದಕ್ಕೆ. ಉಳಿದರೆ ಏನೋ ಆಗಿರಬೇಕು. ಗಂಡ ಜೊತೆಗಿದ್ದಾನೆ, ಬಿಟ್ಟು ಬಂದದ್ದಲ್ಲ. ಹಾಗಾದರೆ ಹೊಲಕ್ಕೆ ಬಂದಿದ್ದಾಳೆ. ಈ ಲೆಕ್ಕ ಹಾಕೋಕೆ ಊರಿಗೆ ಬಹಳ ಹೊತ್ತು ಬೇಕಾಗಲಿಲ್ಲ.

ಲೆಕ್ಕ ತಪ್ಪೂ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಪ್ಪ ತನ್ನ ಪಾಲು ನನ್ನ ಹೆಸರಿಗೆ ಮಾಡಿಸುತ್ತೇನೆ ಅಂದ ದಿನದಿಂದ ಕಾಕಾನ ಮಕ್ಕಳು ನನ್ನ ಜೊತೆ ಮಾತು ಕಡಿಮೆ ಮಾಡಿದರು. ಅವರದ್ದೂ ಅನ್ಯಾಯ ಅನ್ನಲಾರೆ. ನಾನು ಐರ್ಲೆಂಡಿನಲ್ಲಿದ್ದಾಗ ಆ ಹೊಲ ಮಾಡಿದವರು ಅವರು, ಅಪ್ಪನನ್ನು ದವಾಖಾನೆಗೆ ಹೊತ್ತುಕೊಂಡು ಹೋದವರೂ ಅವರೇ. ಒಂದು ದಿನ ಹೊಲ ನಮಗೇ ಬರುತ್ತೆ ಅಂದುಕೊಂಡಿದ್ದರು. ಅದೇ ಹುಡುಗರು ಇವರ ಜೊತೆ ಸಂಜೆ ಮಿರ್ಚಿ ಭಜಿ ತಿನ್ನೋಕೆ ಹೋಗ್ತಾರೆ. ಬೈಕಿನ ಮೇಲೆ ಹಿಂದೆ ಕೂರಿಸಿಕೊಂಡು ಹೋಗ್ತಾರೆ. ಇವರ ಮೇಲೆ ಸಿಟ್ಟಿಲ್ಲ, ಇವರಿಗೆ ಪಹಣಿಯಲ್ಲಿ ಹೆಸರು ಬರಲ್ಲ ಅಂತ ಅವರಿಗೂ ಗೊತ್ತು. ಒಂದು ಭಾಗ ಅವರಿಗೇ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡೋಣ ಅಂತ ನಾನಂದೆ, ಅಪ್ಪ ಇನ್ನೂ ಹ್ಞೂಂ ಅಂದಿಲ್ಲ.

ಇಂಥದ್ದೇ ಯೋಚನೆಯಲ್ಲಿರುವವರಿಗೆ ಒಂದೆರಡು ಮಾತು. ಮದುವೆ ನೋಂದಣಿ ಮುಂದಕ್ಕೆ ಹಾಕಬೇಡಿ, ಒಸಿಐಗೆ ಆ 2 ವರ್ಷ ನೋಂದಣಿ ಇಲ್ಲದೆ ಲೆಕ್ಕಕ್ಕೆ ಬರೋದಿಲ್ಲ. ವೀಸಾ ವಿಸ್ತರಣೆಗೆ ಅವಧಿ ಮುಗಿಯುವ ಬಹಳ ಮೊದಲೇ ಅರ್ಜಿ ಹಾಕಿ, ಕಾರಣ ಮೇಲೆ ಬರೆದಿದ್ದೇನೆ. ಬಂದವರು ನಿಮ್ಮ ಬಾಯಿಂದಲೇ ಊರನ್ನು ಕೇಳುವಂತೆ ಮಾಡಬೇಡಿ, ಅವರಷ್ಟಕ್ಕೆ ಅವರನ್ನು ಯಾವುದಾದರೂ ಕಟ್ಟೆಯ ಮೇಲೆ ಬಿಟ್ಟು ಬನ್ನಿ. ಮತ್ತೆ ಮೊದಲ ಸಲ ಕರೆದುಕೊಂಡು ಬರೋದಾದರೆ ಮೇ ತಿಂಗಳು ಬೇಡ. ಎಳ್ಳಮಾವಾಸ್ಯೆಗೆ ಬನ್ನಿ. ಇಡೀ ಊರು ಹೊಲದಲ್ಲಿರುತ್ತೆ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಇರುತ್ತೆ, ಹೊಟ್ಟೆ ಬಿರಿಯುವಷ್ಟು ಬಡಿಸುತ್ತಾರೆ. ಆವತ್ತು ಯಾರೂ ಏನೂ ಕೇಳೋದಿಲ್ಲ. ಮರುದಿನ ಬೆಳಿಗ್ಗೆಯಿಂದ ಕೇಳ್ತಾರೆ.